ತೋಡಿನೊಳಗಿನ ಗುಳಿಗಳು

ಜೋರು ಮಳೆ ನಿಂತ ಮರುದಿನ ಬೆಳಿಗ್ಗೆ, ಹೊಳೆಯ ದಂಡೆ ಕುಸಿದಿದ್ದ ಕಡೆಯಲ್ಲಿ, ಎರಡು ಮುಷ್ಟಿ ಗಾತ್ರದ ಕಪ್ಪು ಕಲ್ಲೊಂದು ಮಣ್ಣಿನಿಂದ ಅರ್ಧ ಹೊರಬಂದಿರುವುದು ಕಣ್ಣಿಗೆ ಬಿತ್ತು. ಅದರ ನಡುವಿಗೆ ಉಡಿದಾರ ಕಟ್ಟಿದಂತೆ ಬೆರಳಗಲದ ತೋಡೊಂದು ಹಾದುಹೋಗಿತ್ತು. ಕಲ್ಲಿನ ಕೊಡಲಿಯೇ ಇರಬೇಕೆಂದು ಎದೆ ಬಡಿದುಕೊಂಡಿತಾದರೂ ಕೈ ಹಾಕಲಿಲ್ಲ.

ಹಿಂದೆ ಎರಡು ಸಲ ನಾನು ಇಂಥ ಕಲ್ಲುಗಳಿಂದ ಮೋಸಹೋಗಿದ್ದೆ. ಮೊದಲನೆಯದರಲ್ಲಿ ಎರಡು ಗಟ್ಟಿ ಪದರಗಳ ನಡುವಿನ ಮೆದು ಪದರವು ನೀರಿಗೆ ಸವೆದು ತೋಡು ತಾನಾಗಿಯೇ ಮೂಡಿತ್ತು. ಎರಡನೆಯದು ನೇಗಿಲಿನ ಕಬ್ಬಿಣ ತಾಗಿ ಎದ್ದ ಗೀರು. ಅದನ್ನು ಕಿತ್ತು, ಉಜ್ಜಿ ತೊಳೆದು ಮನೆಗೆ ತಂದ ಮೇಲೆಯೇ ನನಗೆ ತಿಳಿದದ್ದು, ವಸ್ತುವಿನ ಆಕಾರಕ್ಕಿಂತ ಅದು ಕೂತಿದ್ದ ಮಣ್ಣಿನ ಪದರವೇ ಅದರ ಕಾಲವನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತದೆ ಎಂಬುದು. ಆದ್ದರಿಂದ ಈ ಸಲ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಜಾಗ ಗುರುತು ಮಾಡಿಕೊಂಡು, ಅಲ್ಲೇ ಮಂಡಿಯೂರಿ ಭೂತಗನ್ನಡಿ ಹಿಡಿದೆ.

ಬೆಳಗಿನ ಓರೆ ಬಿಸಿಲು ತೋಡಿನೊಳಗೆ ಬೀಳುತ್ತಿತ್ತು. ತಳದಲ್ಲಿ ಸಾಸಿವೆಯಷ್ಟು ಸಣ್ಣ ಗುಳಿಗಳು ಒತ್ತೊತ್ತಾಗಿದ್ದವು. ಗಟ್ಟಿಯಾದ ಇನ್ನೊಂದು ಕಲ್ಲಿನಿಂದ ಸಾವಿರಾರು ಸಲ ಮೆಲ್ಲನೆ ಕುಟ್ಟಿ, ಪುಡಿ ಉದುರಿಸುತ್ತಾ ಹೋದಾಗ ಮಾತ್ರ ಇಂಥ ಗುರುತು ಉಳಿಯುತ್ತದೆ. ಕಲ್ಲಿನ ಬಿಳಿ ಎಳೆಯೊಂದು ಉದ್ದಕ್ಕೆ ಹರಿದಿದ್ದರೆ ತೋಡು ಅದನ್ನು ಅಡ್ಡಲಾಗಿ ಕತ್ತರಿಸಿ ಸಾಗಿತ್ತು. ನೀರು ಮೆದುವನ್ನು ಹುಡುಕಿ ಕೊರೆಯುತ್ತದೆಯೇ ಹೊರತು ಹೀಗೆ ಎಲ್ಲವನ್ನೂ ಒಂದೇ ಆಳಕ್ಕೆ ಕೊರೆಯುವುದಿಲ್ಲ. ಇದು ಮನುಷ್ಯರ ಕೆಲಸವೆಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಆದರೆ ಕೊಡಲಿ ಎಂಬ ನನ್ನ ಊಹೆ ತಪ್ಪಾಗಿತ್ತು. ನಾನು ಸುದ್ದಿ ಮುಟ್ಟಿಸಿದ ಮೇಲೆ ಬಂದ ಪುರಾತತ್ತ್ವಜ್ಞರು ಸುತ್ತಲಿನ ಮಣ್ಣನ್ನು ಪದರ ಪದರವಾಗಿ ಬಿಡಿಸಿ ಕಲ್ಲನ್ನು ಎತ್ತಿದಾಗ, ಉಜ್ಜಿ ಹರಿತಗೊಳಿಸಿದ ಬಾಯಿ ಅದಕ್ಕಿರಲಿಲ್ಲ. ಎರಡೂ ತುದಿಗಳು ಪೆಟ್ಟು ತಿಂದು ಚಕ್ಕೆಯೆದ್ದಿದ್ದವು. ಅದು ಸುತ್ತಿಗೆ. ತೋಡು ಕಾವು ಕಟ್ಟಲು ಮಾಡಿದ ಜಾಗವಷ್ಟೇ. ಉಪಕರಣ ಯಾವುದೆಂದು ಹೇಳುವುದು ಅದರ ತುದಿ. ಇಂಗ್ಲೆಂಡಿನ ಆಲ್ಡರ್ಲಿ ಎಡ್ಜ್‌ನಲ್ಲಿ ಸುಮಾರು 4,000 ವರ್ಷಗಳ ಹಿಂದೆ ತಾಮ್ರದ ಅದಿರು ಒಡೆದವರ ಸುತ್ತಿಗೆಗಳಿಗೂ ಇಂಥ ತೋಡುಗಳಿವೆ. ಉತ್ತರ ಅಮೆರಿಕದ ಕೆಲವು ಕೊಡಲಿಗಳಲ್ಲಂತೂ ತೋಡು ಮೂರೇ ಬದಿಗಳಲ್ಲಿದ್ದು, ನಾಲ್ಕನೆಯ ಬದಿ ಚಪ್ಪಟೆಯಾಗಿರುತ್ತದೆ.

ತೊಳೆಯದೆ, ಮಣ್ಣು ಅಂಟಿದ್ದಂತೆಯೇ ಅದನ್ನು ಕಾಗದದಲ್ಲಿ ಸುತ್ತುವ ಮೊದಲು ಅವರು ಇನ್ನೊಮ್ಮೆ ನನಗೆ ತೋರಿಸಿದರು. ತೋಡಿನ ಒಂದು ಅಂಚಿನಲ್ಲಿ ಮಾತ್ರ ಗುಳಿಗಳು ಅಳಿಸಿ ನುಣುಪಾಗಿದ್ದವು: ಪ್ರತಿ ಪೆಟ್ಟಿಗೂ ಕಾವಿನ ಕಟ್ಟು ಜಗ್ಗಿ ಉಜ್ಜಿದ ಜಾಗ ಅದು.