ಹನ್ನೆರಡು ಸರ್ವರ್‌ಗಳಿಗೆ ಒಂದೇ ತಳಪದರ: ಮೇಲ್ಪದರ ಉಬ್ಬುವುದು ಕೊನೆಗೂ ನಿಂತಿತು

ನಿಂತಿತು! ಹೊಸದಾಗಿ ಎಬ್ಬಿಸಿದ ಕಂಟೇನರ್‌ನ ಮೇಲ್ಪದರದಲ್ಲಿ (ಅದರ ಸ್ವಂತ ಬದಲಾವಣೆಗಳು ಕೂರುವ ಜಾಗ) ಈಗ ಬರೀ ಲಾಗ್‌ಗಳು, ಒಂದೆರಡು ಕಾನ್ಫಿಗ್ ಫೈಲ್‌ಗಳು, ಅಷ್ಟೇ. ಹನ್ನೆರಡು ಎಲ್‌ಎಕ್ಸ್‌ಸಿ ಸರ್ವರ್‌ಗಳು (ಒಂದೇ ಯಂತ್ರದ ಕರ್ನಲ್ ಹಂಚಿಕೊಳ್ಳುವ ಕಂಟೇನರ್‌ಗಳು) ಒಂದೇ ಡೆಬಿಯನ್ ತಳಪದರದ, ಅಂದರೆ ಎಲ್ಲವೂ ಹಂಚಿಕೊಳ್ಳುವ ಮೂಲ ಫೈಲ್‌ಗಳ, ಮೇಲೆ ಓಡುತ್ತಿವೆ. ಡಿಸ್ಕ್ ಜಾಗದ ಲೆಕ್ಕ ಕೊಡುವ ಡಿಎಫ್ ತೋರಿಸುವ ಅಂಕಿ ನೋಡಿ ಇಷ್ಟು ಖುಷಿಯಾದದ್ದು ನೆನಪಿಲ್ಲ.

ಜಾಗ ಉಳಿಸಲು ಹಾರ್ಡ್‌ಲಿಂಕ್ (ಒಂದೇ ಫೈಲಿಗೆ ಹಲವು ಹೆಸರು) ಯಾಕೆ ಬೇಡವಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಕಂಟೇನರ್ ವ್ಯವಸ್ಥೆ ಲಿನಕ್ಸ್-ವಿಸರ್ವರ್ ಈ ಕೆಲಸವನ್ನು ಸೊಗಸಾಗಿ ಮಾಡುತ್ತಿತ್ತು. ಒಂದೇ ಒಡಲಿನ ಫೈಲ್‌ಗಳನ್ನು ಅದರ ವಿಹ್ಯಾಶಿಫೈ ಎಂಬ ಉಪಕರಣ ಒಂದೇ ಐನೋಡ್‌ಗೆ (ಫೈಲಿನ ಒಡೆಯ, ಅನುಮತಿ, ಡೇಟಾ ಇರುವ ಜಾಗದ ದಾಖಲೆ) ಕಟ್ಟುತ್ತಿತ್ತು. ಫೈಲನ್ನು ಅಳಿಸಬಹುದು, ತಿದ್ದಲಾಗದು ಎನ್ನುವ ವಿಶೇಷ ಗುರುತು ಅದಕ್ಕೆ ಬೀಳುತ್ತಿತ್ತು. ಮುಖ್ಯ ಕರ್ನಲ್‌ನಲ್ಲಿ ಆ ಗುರುತು ಇಲ್ಲ. ಡೆಬಿಯನ್‌ನ ಪ್ಯಾಕೇಜ್ ಉಪಕರಣ ಡಿಪಿಕೆಜಿ ಹೊಸ ಫೈಲ್ ಬರೆದು ಹೆಸರು ಬದಲಿಸುವುದರಿಂದ ಅದರಿಂದ ಅಪಾಯವಿಲ್ಲ. ಆದರೆ ಯಾವುದೋ ಸ್ಕ್ರಿಪ್ಟ್, ಇರುವ ಫೈಲಿನ ಕೊನೆಗೇ ಒಂದು ಸಾಲು ಸೇರಿಸಿದರೆ ಹನ್ನೆರಡೂ ಸರ್ವರ್‌ಗಳಲ್ಲಿ ಆ ಸಾಲು ಪ್ರತ್ಯಕ್ಷ. ಇಮ್ಯೂಟಬಲ್ (ಯಾರೂ ಬದಲಿಸದಂತೆ) ಮಾಡಿಟ್ಟರೆ ಅಳಿಸುವುದೂ ಆಗದು, ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಓವರ್‌ಲೇಎಫ್‌ಎಸ್: ಎರಡು ಪದರಗಳನ್ನು ಒಂದೇ ಡೈರೆಕ್ಟರಿಯಾಗಿ ತೋರಿಸಿ, ಬದಲಾಗುವ ಫೈಲನ್ನು ಮಾತ್ರ ಮೇಲ್ಪದರಕ್ಕೆ ನಕಲಿಸುವ ಫೈಲ್‌ಸಿಸ್ಟಮ್. 2014ರಲ್ಲಿ 3.18ರೊಂದಿಗೆ ಕರ್ನಲ್‌ಗೆ ಬಂದದ್ದು, ಪಳಗಿದ ಸರಕು. ಮೌಂಟ್ ಮಾಡುವ (ಡೈರೆಕ್ಟರಿ ಮರಕ್ಕೆ ಜೋಡಿಸುವ) ವಿವರ ಇಲ್ಲಿ ಬೇಡ. ಸಮಸ್ಯೆ ಶುರುವಾದದ್ದು ಆಮೇಲೆ: ಮೊದಲ ಬೂಟ್ ಮುಗಿಯುವಷ್ಟರಲ್ಲೇ ಮೇಲ್ಪದರದ ಗಾತ್ರ ಹೆಚ್ಚುಕಡಿಮೆ ತಳಪದರದಷ್ಟೇ! ಒಂದು ಪ್ಯಾಕೇಜನ್ನೂ ಹಾಕಿರಲಿಲ್ಲ. ಉಳಿಸಲು ಹೊರಟ ಜಾಗವೆಲ್ಲ ಅಲ್ಲೇ ಖರ್ಚು.

ಮೇಲ್ಪದರ ಬಗೆದು ನೋಡಿದರೆ ಯುಎಸ್‌ಆರ್ ಡೈರೆಕ್ಟರಿ ಇಡಿಯಾಗಿ ಅಲ್ಲಿತ್ತು. ಎರಡೂ ಪದರದ ಪ್ರತಿಗಳನ್ನು ಹೋಲಿಸಲು ಸಿಎಂಪಿ ಹಾಕಿದರೆ ಒಂದು ಬೈಟ್‌ನ ವ್ಯತ್ಯಾಸವೂ ಇಲ್ಲ. ತಿದ್ದಿದ ಸಮಯವೂ ಒಂದೇ. ಫೈಲಿನ ವಿವರ ಹೇಳುವ ಸ್ಟ್ಯಾಟ್‌ನ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟಾಗ ಸಿಕ್ಕಿತು: ಕೆಳಗಿನ ಫೈಲಿನ ಒಡೆಯ 0, ಮೇಲಿನದರ ಒಡೆಯ 100000. ನನ್ನವು ಅನ್‌ಪ್ರಿವಿಲೆಜ್ಡ್ ಕಂಟೇನರ್‌ಗಳು, ಒಳಗಿನ ರೂಟ್ (ಬಳಕೆದಾರ 0) ಹೊರಗೆ 100000 ಎಂಬ ಸಾಮಾನ್ಯ ಬಳಕೆದಾರ. ಆ ಲೆಕ್ಕ ಹೊಂದಿಸಲು ಆರಂಭದ ಸ್ಕ್ರಿಪ್ಟ್ ಇಡೀ ಮರದ ಮೇಲೆ ಒಡೆಯನನ್ನು ಬದಲಿಸುವ ಚೋನ್ ಓಡಿಸುತ್ತದೆ. ಒಡೆತನ ಇರುವುದು ಐನೋಡ್‌ನಲ್ಲಿ, ತಳಪದರದ ಐನೋಡನ್ನು ಓವರ್‌ಲೇ ಮುಟ್ಟುವಂತಿಲ್ಲ. ಆದ್ದರಿಂದ ಒಂದು ಸಂಖ್ಯೆ ಬದಲಿಸಲು ಇಡೀ ಫೈಲ್ ಮೇಲಕ್ಕೆ ನಕಲಾಗುತ್ತದೆ. ಹೊಸ್ತಿಲ ಮೇಲಿನ ಹೆಸರು ಬದಲಿಸಲು ಮನೆಯನ್ನೇ ಇನ್ನೊಮ್ಮೆ ಕಟ್ಟಿದಂತೆ.

ಮೊದಲು ಹಿಡಿದದ್ದು ಮೆಟಾಕಾಪಿ ಆಯ್ಕೆ; 4.19ರಿಂದ ಇದೆ. ಬರೆಯಲು ತೆರೆಯುವವರೆಗೆ ಒಡೆತನ, ಅನುಮತಿಯಂಥ ವಿವರಗಳಷ್ಟೇ ಮೇಲೆ ಹೋಗುತ್ತವೆ. ಗಾತ್ರ ಇಳಿಯಿತು. ಆದರೆ ಪ್ರತಿ ಸರ್ವರ್‌ಗೂ ರಾಶಿ ರಾಶಿ ಟೊಳ್ಳು ಐನೋಡ್‌ಗಳು, ಚೋನ್ ಓಡಾಟವೂ ತಪ್ಪಲಿಲ್ಲ. ಮೇಲ್ಪದರವೊಂದನ್ನೇ ಬ್ಯಾಕಪ್ ತೆಗೆದರೆ ಫೈಲಿನ ಹೆಸರು ಬರುತ್ತದೆ, ಒಡಲು ಬರುವುದಿಲ್ಲ. ಇದನ್ನು ನಂಬಿ ನಿದ್ದೆ ಮಾಡಲಾರೆ.

ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮೇಲೆ ರಿಫ್ಲಿಂಕ್? ಆಸೆ ಹುಟ್ಟಿಸುವ ದಾರಿ. ಪ್ರತಿ ನಕಲಿಗೂ ತನ್ನದೇ ಐನೋಡ್, ತನ್ನದೇ ಒಡೆಯ. ಡೇಟಾ ಬ್ಲಾಕ್‌ಗಳು ಮಾತ್ರ ಹಂಚಿಕೆ. ಡಿಸ್ಕ್ ಮಟ್ಟಿಗೆ ಸಮಸ್ಯೆ ಮುಗಿಯಿತು ಎನ್ನಿ. ಆದರೆ ಪೇಜ್ ಕ್ಯಾಶೆ (ಓದಿದ ಫೈಲಿನ ಮೆಮೊರಿ ಪ್ರತಿ) ನಿಲ್ಲುವುದು ಐನೋಡ್ ಲೆಕ್ಕದಲ್ಲಿ. ಐನೋಡ್ ಬೇರೆಯಾದರೆ ಅದೇ ಲಿಬ್‌ಸಿ ಲೈಬ್ರರಿ ಹನ್ನೆರಡು ಸಲ ಮೆಮೊರಿಗೆ ಬರುತ್ತದೆ. ಓವರ್‌ಲೇಯಲ್ಲಿ ಎಲ್ಲರೂ ಓದುವುದು ತಳಪದರದ ಒಂದೇ ಐನೋಡನ್ನು, ರ‍್ಯಾಮ್‌ನಲ್ಲೂ ಒಂದೇ ಪ್ರತಿ. ನನಗೆ ಡಿಸ್ಕ್‌ಗಿಂತ ಈ ಲಾಭ ದೊಡ್ಡದು, ಅದಕ್ಕೇ ಪಟ್ಟು ಬಿಡಲಿಲ್ಲ.

ಬೀಗ ತೆರೆದದ್ದು ಐಡಿ-ಮ್ಯಾಪ್ಡ್ ಮೌಂಟ್. 2021ರ 5.12 ಕರ್ನಲ್‌ನಲ್ಲಿ ಬಂತು. ಓವರ್‌ಲೇ ಅಂಥ ಪದರಗಳನ್ನು ಒಪ್ಪಿಕೊಳ್ಳುವುದು 5.19ರಿಂದ. ಡಿಸ್ಕ್ ಮೇಲೆ ಒಡೆಯ 0 ಆಗಿಯೇ ಉಳಿಯುತ್ತಾನೆ, ಆ ಮೌಂಟ್ ಮೂಲಕ ನೋಡುವವರಿಗೆ 100000 ಕಾಣುತ್ತದೆ. ತಳಪದರವನ್ನು ಹಾಗೆ ಇನ್ನೊಂದು ಜಾಗದಲ್ಲಿ ಬೈಂಡ್ ಮಾಡಿ, ಓವರ್‌ಲೇಗೆ ಅದನ್ನೇ ಕೆಳಪದರವಾಗಿ ಕೊಟ್ಟೆ. ಚೋನ್ ಬೇಕಿಲ್ಲ, ನಕಲೂ ಇಲ್ಲ. ಬೇರೆ ಯುಐಡಿ (ಬಳಕೆದಾರ ಸಂಖ್ಯೆ) ಶ್ರೇಣಿಯ ಸರ್ವರ್‌ಗೆ ಅದೇ ತಳಪದರದ ಇನ್ನೊಂದು ಮೌಂಟ್. ಐನೋಡ್ ಅದೇ, ಕ್ಯಾಶೆಯೂ ಅದೇ. ಮೂಲ ಕಮಾಂಡ್‌ಗಳ ಕಟ್ಟು ಯುಟಿಲ್-ಲಿನಕ್ಸ್ 2.39 ಇದ್ದರೆ ಮೌಂಟ್ ಕಮಾಂಡ್‌ನ ಆಯ್ಕೆಯಾಗಿಯೇ ಇದನ್ನು ಕೊಡಬಹುದು. ಕರ್ನಲ್ ಹಳೆಯದಾದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದಷ್ಟೇ ಉತ್ತರ ಬರುತ್ತದೆ, ಮೊದಲು ಯುನೇಮ್ ಹಾಕಿ ಕರ್ನಲ್ ಆವೃತ್ತಿ ನೋಡಿಕೊಳ್ಳಿ.

ಇಲ್ಲಿ ರೆಡಿಮೇಡ್ ಟೆಂಪ್ಲೇಟ್ ಕೊಡುವವರ ಮೇಲೆ ಒಂದು ಸಿಟ್ಟು ಕಾರಿಕೊಳ್ಳಲೇಬೇಕು. ನಾನು ಇಳಿಸಿಕೊಂಡದ್ದರಲ್ಲಿ ಎಸ್‌ಎಸ್‌ಎಚ್ ಹೋಸ್ಟ್ ಕೀಗಳು (ದೂರದಿಂದ ಲಾಗಿನ್ ಆಗುವವರಿಗೆ ಸರ್ವರ್ ತನ್ನ ಗುರುತು ಸಾಬೀತುಪಡಿಸುವ ಕೀಗಳು) ಒಳಗೇ ಕೂತಿದ್ದವು, ಪ್ರತಿ ಯಂತ್ರಕ್ಕೂ ಬೇರೆಯಿರಬೇಕಾದ ಮಷೀನ್-ಐಡಿ ಕೂಡ ತುಂಬಿತ್ತು. ಅಂದರೆ ಆ ಟೆಂಪ್ಲೇಟ್ ಬಳಸಿದವರೆಲ್ಲರ ಖಾಸಗಿ ಕೀ ಒಂದೇ! ಲೈಬ್ರರಿ ಹಂಚಿಕೊಳ್ಳೋಣ, ಗುಟ್ಟನ್ನಲ್ಲ. ತಳಪದರ ಮಾಡುವ ಮುನ್ನ ಕೀಗಳನ್ನು ಅಳಿಸಿ, ಮಷೀನ್-ಐಡಿ ಫೈಲನ್ನು ಖಾಲಿ ಬಿಡಿ. ಕೀಗಳನ್ನು ಮೊದಲ ಬೂಟ್‌ನಲ್ಲಿ ಹೊಸದಾಗಿ ಹುಟ್ಟಿಸಿದರೆ ಅವು ಮೇಲ್ಪದರದಲ್ಲೇ ಉಳಿಯುತ್ತವೆ.

ಅಪ್‌ಗ್ರೇಡ್ ವಿಷಯ ಇನ್ನೂ ನೆಟ್ಟಗಾಗಿಲ್ಲ. ಓವರ್‌ಲೇ ಮೌಂಟ್ ಆಗಿರುವಾಗ ತಳಪದರವನ್ನು ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಖಾತರಿಯಿಲ್ಲ ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ. ಮೌಂಟ್ ಬಿಚ್ಚಿ ತಿದ್ದಿದರೂ ತೊಡಕು: ಒಳಗೆ ಒಂದು ಪ್ಯಾಕೇಜ್ ಹಾಕಿದ ಕೂಡಲೇ ಡಿಪಿಕೆಜಿಯ ಸ್ಟೇಟಸ್ ಫೈಲ್ (ಹಾಕಿದ ಪ್ಯಾಕೇಜ್‌ಗಳ ಲೆಕ್ಕಪುಸ್ತಕ) ಮೇಲ್ಪದರಕ್ಕೆ ಬರುತ್ತದೆ. ಆಮೇಲೆ ಕೆಳಗೆ ಹೊಸ ಆವೃತ್ತಿ ಬಂದರೂ ಮೇಲಿನ ಲೆಕ್ಕಪುಸ್ತಕ ಹಳೆಯದನ್ನೇ ಹೇಳುತ್ತಿರುತ್ತದೆ. ನನ್ನ ತೀರ್ಮಾನ: ತಳಪದರಕ್ಕೆ ತಾರೀಕಿನ ಹೆಸರು, ಒಮ್ಮೆ ಕಟ್ಟಿದ ಮೇಲೆ ಅದನ್ನು ಮುಟ್ಟುವುದಿಲ್ಲ. ಡೇಟಾ ಬೇರೆ ಮೌಂಟ್‌ನಲ್ಲಿ. ಸರ್ವರ್ ಅನ್ನು ಹೊಸ ತಳಪದರದ ಮೇಲೆ ಮತ್ತೆ ಎಬ್ಬಿಸುವುದು.

ಹೇಗೂ ಮುಟ್ಟುವುದಿಲ್ಲವೆಂದ ಮೇಲೆ ಅದು ಡೈರೆಕ್ಟರಿಯಾಗಿ ಯಾಕಿರಬೇಕು? ಮುಂದಿನ ಪ್ರಾಜೆಕ್ಟ್ ಇದೇ: ತಳಪದರವನ್ನು ಇರೋಎಫ್‌ಎಸ್ ಇಮೇಜ್ (ಇಡೀ ಫೈಲ್‌ಸಿಸ್ಟಮ್ ಒಂದೇ ಫೈಲಿನಲ್ಲಿ) ಆಗಿ ಕಟ್ಟುವುದು. ಸ್ವರೂಪದಲ್ಲೇ ಓದಲು ಮಾತ್ರ, ಜೊತೆಗೆ ಕಂಪ್ರೆಷನ್. ಮೊದಲು ಎಲ್‌ಝಡ್4 ಕಂಪ್ರೆಷನ್‌ನಲ್ಲಿ ಕಟ್ಟಿ, ಹನ್ನೆರಡೂ ಸರ್ವರ್‌ಗಳನ್ನು ಒಟ್ಟಿಗೆ ಎಬ್ಬಿಸಿದಾಗ ಸಿಪಿಯು ಎಷ್ಟು ತಿನ್ನುತ್ತದೆ ಎಂದು ಅಳೆಯುತ್ತೇನೆ. ಇಮೇಜ್ ಕಟ್ಟುವ ಸ್ಕ್ರಿಪ್ಟ್ ಅರ್ಧ ಆಗಿದೆ.