ಅರವತ್ತು ದಾಟಿದವರಿಗೆ ರಿವಾಲ್ವರ್ ಕಲಿಸುವ ಕೆಲಸ

ಸಶಸ್ತ್ರ ಮೀಸಲು ಪಡೆಯಿಂದ ನಿವೃತ್ತನಾದ ಮೇಲೆ ಕಲಬುರಗಿಯಲ್ಲಿ ಮನೆಯ ರಕ್ಷಣೆಗೆಂದು ಪರವಾನಗಿ ಪಡೆಯುವವರಿಗೆ ಆಯುಧ ತರಬೇತಿ ನೀಡುತ್ತಿದ್ದೇನೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಕೇಳುತ್ತವಾದ್ದರಿಂದ ಕೆಲವರು ಪ್ರಮಾಣಪತ್ರಕ್ಕಾಗಿಯೇ ಬರುತ್ತಾರೆ. ಹೆಚ್ಚಿನವರು ವಯಸ್ಸಾದವರು: ಹೊಲದ ಮನೆಯಲ್ಲಿರುವ ತೊಗರಿ ಬೆಳೆಗಾರರು, ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ ವ್ಯಾಪಾರಿಗಳು, ಮಕ್ಕಳು ಹೈದರಾಬಾದ್, ಬೆಂಗಳೂರು ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ ದರೋಡೆ ನಡೆದ ನಂತರ ವಿಚಾರಿಸುವವರು ಹೆಚ್ಚಾದರು. ಎಲ್ಲರೂ ಗುರಿ ಹಿಡಿಯುವುದನ್ನು ಕಲಿಯಲು ಬರುತ್ತಾರೆ. ನನ್ನ ಸಮಯವೆಲ್ಲ ಹೋಗುವುದು ಗುಂಡು ಹಾರಿಸದೆ ನಿಲ್ಲುವುದನ್ನು ಕಲಿಸುವುದರಲ್ಲಿ.

ವಯಸ್ಸು ತರುವ ದೈಹಿಕ ತೊಡಕುಗಳಿಗೆ ಬಹುಪಾಲು ಪರಿಹಾರವಿದೆ. ಬೈಫೋಕಲ್ ಕನ್ನಡಕದವರು ಫೋರ್‌ಸೈಟ್ (ನಳಿಕೆಯ ತುದಿಯ ಗುರಿಗುರುತು) ಸ್ಪಷ್ಟವಾಗಿ ಕಾಣಲೆಂದು ಗದ್ದ ಮೇಲೆತ್ತಿ ಕೆಳಗಿನ ಗಾಜಿನಿಂದ ನೋಡುತ್ತಾರೆ. ಹಾಗೆ ಕತ್ತು ಹಿಂದೆ ವಾಲಿದಾಗ ಮೈತೂಕವೂ ಹಿಮ್ಮಡಿಗೆ ಸರಿದು, ಗುಂಡಿನ ಒದೆತಕ್ಕೆ ಹೆಜ್ಜೆ ತಪ್ಪುತ್ತದೆ. ತೋಳಳತೆಯ ದೂರಕ್ಕೆ ಹೊಂದುವ ಒಂದೇ ಪವರಿನ ಕನ್ನಡಕ ಮಾಡಿಸಿಕೊಳ್ಳುವಂತೆ ಹೇಳುತ್ತೇನೆ. ಶ್ರವಣಯಂತ್ರ ತೆಗೆದು ಕಿವಿರಕ್ಷಕ ಹಾಕಿದವರಿಗೆ ನನ್ನ ಆದೇಶ ಕೇಳಿಸುವುದಿಲ್ಲವಾದ್ದರಿಂದ, ಹೆಗಲ ಮೇಲೆ ಕೈ ಬಿದ್ದರೆ ಬೆರಳು ಟ್ರಿಗರಿನಿಂದ ಹೊರಗೆ ಬರಬೇಕೆಂದು ಮೊದಲೇ ಒಪ್ಪಂದವಾಗುತ್ತದೆ. ಬೆರಳ ಗಂಟು ನೋಯುವವರು ಪಿಸ್ತೂಲಿನ ಮೇಲ್ಗಡೆ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆಯಲು ಹೆಣಗುತ್ತಾರೆ. ಅವರು ಆಯುಧವನ್ನು ಎದೆಯ ಹತ್ತಿರ ತಂದು, ನಳಿಕೆಯನ್ನು ಗುರಿಯ ಕಡೆಗೇ ಇಟ್ಟು, ಒಂದು ಕೈಯಿಂದ ಸ್ಲೈಡನ್ನು ಬಿಗಿಹಿಡಿದು, ಇನ್ನೊಂದು ಕೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಕೆಲಸ ಹಗುರವಾಗುತ್ತದೆ.

ರಿವಾಲ್ವರಿನ ವಿಷಯದಲ್ಲಿ ಮಾತ್ರ ನಾನು ಸುಲಭದ ದಾರಿಗೆ ಅವಕಾಶ ಕೊಡುವುದಿಲ್ಲ. 9 ಮಿ.ಮೀ. ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ) ಆಗಿರುವುದರಿಂದ ನಮ್ಮಲ್ಲಿ ಬರುವುದು ಬಹುತೇಕ .32 ಬೋರ್. ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದೆಳೆದುಕೊಂಡರೆ ಟ್ರಿಗರ್ ಹಗುರವಾಗುತ್ತದೆ ಎಂಬುದನ್ನು ಹಿರಿಯರು ಬೇಗ ಕಂಡುಕೊಳ್ಳುತ್ತಾರೆ. ಆದರೆ ನಡುಗುವ ಕೈ, ಕತ್ತಲು, ಗಾಬರಿ ಮೂರೂ ಸೇರಿದಾಗ ಆ ಹಗುರತನವೇ ಅಪಾಯ. ಭಾರವಾದ ಟ್ರಿಗರನ್ನು ಪೂರ್ತಿ ಒತ್ತಲು ಬೇಕಾಗುವ ಕ್ಷಣದಲ್ಲಿ ಮನಸ್ಸು ಬದಲಾಯಿಸಲು ಅವಕಾಶವಿರುತ್ತದೆ. ಕಾಡತೂಸು ದುಬಾರಿ, ಎಷ್ಟು ಕೊಳ್ಳಬಹುದೆಂಬುದಕ್ಕೂ ಪರವಾನಗಿಯಲ್ಲೇ ಮಿತಿಯಿದೆ. ಆದ್ದರಿಂದ ಬೆರಳಿನ ಅಭ್ಯಾಸವೆಲ್ಲ ಮದ್ದಿಲ್ಲದ ಡಮ್ಮಿ ಗುಂಡಿನಲ್ಲಿ, ನಿಜವಾದ ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದೊಳಗಿದ್ದಾಗ ಮಾತ್ರ.

ಮನೆಯೊಳಗಿನ ಅಂತರ ಕೆಲವೇ ಹೆಜ್ಜೆ. ಅಷ್ಟು ಹತ್ತಿರದಲ್ಲಿ ಗುರಿ ತಪ್ಪುವುದಕ್ಕಿಂತ ಮನುಷ್ಯನನ್ನು ಗುರುತಿಸುವುದರಲ್ಲಿ ತಪ್ಪುವುದೇ ಹೆಚ್ಚು ಭಯಂಕರ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಧ ಮನೆ ಮಾಳಿಗೆಯ ಮೇಲೆ ಮಲಗಿರುತ್ತದೆ. ನೀರು ಕುಡಿಯಲೆಂದು ಯಾರಾದರೂ ಕೆಳಗಿಳಿಯುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದ ಮಗ ಬೆಳಕು ಹರಿಯುವ ಮೊದಲೇ ತನ್ನ ಕೀಲಿಯಿಂದ ಬಾಗಿಲು ತೆರೆಯುತ್ತಾನೆ. ಅದಕ್ಕಾಗಿ ಕೋಣೆಯನ್ನು ಕತ್ತಲು ಮಾಡಿ, ಖಾಲಿ ಆಯುಧ ಕೊಟ್ಟು, ಆಳೆತ್ತರದ ಚಿತ್ರಗಳನ್ನು ನಿಲ್ಲಿಸಿ ಅಭ್ಯಾಸ ಮಾಡಿಸುತ್ತೇನೆ. ಚಿತ್ತಾಪುರದ ಕಡೆಯ ಹಿರಿಯರೊಬ್ಬರು, ಬಟ್‌ನಲ್ಲಿ (ಗುಂಡು ಹಾರಿಸುವ ಮೈದಾನದಲ್ಲಿ) ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವರು, ಮೊಬೈಲ್ ಹಿಡಿದ ಹುಡುಗನ ಚಿತ್ರಕ್ಕೆ ತಡಮಾಡದೆ ಟ್ರಿಗರ್ ಒತ್ತಿದರು. “ಕೈಯಾಗ ಏನೋ ಮಿಂಚ್ತು ಸಾಹೇಬ್ರ,” ಎಂದರು. “ಫೋನ್ ಅದ ನೋಡ್ರಿ ಮುತ್ತ್ಯಾ,” ಎಂದೆ. ಅಂದಿನಿಂದ ಅವರಿಗೆ ಟಾರ್ಚ್ ಮೊದಲು, “ಯಾರದು?” ಎಂಬ ಕೂಗು ನಂತರ, ಆಯುಧ ಎತ್ತುವುದು ಕೊನೆಗೆ ಎಂಬ ಕ್ರಮವನ್ನೇ ರೂಢಿ ಮಾಡಿಸಿದೆ. ಟಾರ್ಚನ್ನು ಪ್ರತ್ಯೇಕವಾಗಿ ಹಿಡಿಯಬೇಕು. ಬೆಳಕು ಬೀರಲು ನಳಿಕೆಯನ್ನೇ ಮನುಷ್ಯರ ಕಡೆ ತಿರುಗಿಸುವ ಅಭ್ಯಾಸ ಬೇಡ. ಶಹಾಬಾದ್ ಕಲ್ಲಿನ ಗೋಡೆ, ಹಾಸುಗಳಿರುವ ಮನೆಯಲ್ಲಿ ಗುರಿ ತಪ್ಪಿದ ಗುಂಡು ಸಿಡಿದು ಎತ್ತ ಹೋಗುವುದೋ ಹೇಳಲಾಗದು. ಹೆಂಡತಿ ಯಾವ ಮೂಲೆಯಲ್ಲಿ ನಿಲ್ಲಬೇಕೆಂಬುದನ್ನು ಅವರಿಬ್ಬರೂ ಸೇರಿ ಮೊದಲೇ ನಿರ್ಧರಿಸಿರಬೇಕು.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ: ಅಂಗಳಕ್ಕೆ ಕಾಲಿಟ್ಟವನನ್ನು ಹೊಡೆಯಬಹುದು ಎಂದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿ ಇಡುವುದು ಮುಂತಾದ ಕೆಲವೇ ಸಂದರ್ಭಗಳಲ್ಲಿ ಆಸ್ತಿಯ ರಕ್ಷಣೆಗಾಗಿ ಪ್ರಾಣಹಾನಿಯವರೆಗಿನ ಹಕ್ಕನ್ನು ಒಪ್ಪುತ್ತದೆ. ಅಲ್ಲಿಯೂ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬೆನ್ನು ತಿರುಗಿಸಿ ಓಡುತ್ತಿರುವ ಕಳ್ಳನ ಚಿತ್ರವನ್ನೂ ನಾನು ನಿಲ್ಲಿಸುತ್ತೇನೆ. ಬಾಗಿಲು ಭದ್ರವಾಗಿ ಹಾಕಿ 112ಕ್ಕೆ ಕರೆ ಮಾಡಿದವರಿಗೆ ಆ ಪಾಠದಲ್ಲಿ ಪೂರ್ಣ ಅಂಕ.

ನಿದ್ರೆ ಮಾತ್ರೆ ನುಂಗುವವರಿಗೂ, ಮರೆವು ಶುರುವಾದವರಿಗೂ ನಾನು ಕಲಿಸುವುದನ್ನು ನಿಲ್ಲಿಸಿ, ಮನೆಯವರನ್ನು ಕರೆದು ಮಾತನಾಡುತ್ತೇನೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದರೆ, ತಾವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಹೆಸರಿಸಿ ಅದನ್ನು ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಇದನ್ನು ಹೇಳಿದಾಗ ಕೆಲವರು ಮುನಿಸಿಕೊಂಡು ಬರುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಮಗನನ್ನೋ ಮಗಳನ್ನೋ ಕರೆತರುತ್ತಾರೆ. ವಾರಸುದಾರರ ಹೆಸರಿಗೆ ಪರವಾನಗಿ ಆಗುವವರೆಗೆ ಮನೆಯಲ್ಲಿ ಅವರು ಆಯುಧವನ್ನು ಬಳಸುವಂತಿಲ್ಲವಾದ್ದರಿಂದ, ಮೊದಲು ಅರ್ಜಿಯ ಕೆಲಸ ಶುರು ಮಾಡಿಕೊಂಡು ಬನ್ನಿ ಎಂದು ಅವರನ್ನು ಕಳಿಸುತ್ತೇನೆ.