ನನ್ನ ಟ್ಯೂಬು ಮಾತ್ರ ಬೇಗ ತಿಳಿಯಾಯಿತು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂತು. ಮೊದಲು ನೆನಪಾದದ್ದು ಕ್ಲಾಸಲ್ಲ, ಗ್ಯಾದರಿಂಗೂ ಅಲ್ಲ. ಗೇಟಿನ ಎದುರಿನ ಬಂಡಿಯ ಒಗ್ಗರಣಿ-ಮಿರ್ಚಿ. ಎರಡನೆಯದು, ಪ್ರಾಣಿಶಾಸ್ತ್ರದ ಲ್ಯಾಬಿನ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಹತ್ತು ಟೆಸ್ಟ್ ಟ್ಯೂಬು. ಮಿರ್ಚಿಯ ಬಗ್ಗೆ ನಿಮಗೇ ಗೊತ್ತು. ಟ್ಯೂಬಿನ ಕತೆ ಹೇಳುತ್ತೇನೆ.

1998. ನಾನು ಬಿಎಸ್ಸಿ ಎರಡನೇ ವರ್ಷ. ರಾಯಚೂರಿನ ಬಿಸಿಲು ಗೊತ್ತಲ್ಲ, ಮಾರ್ಚಿಗೇ ಲ್ಯಾಬಿನ ಕಲ್ಲಿನ ಕಟ್ಟೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಅವತ್ತಿನ ಪ್ರಾಕ್ಟಿಕಲ್ ಬಹಳ ಸರಳ. ಹತ್ತು ಟ್ಯೂಬಿನಲ್ಲಿ ಹತ್ತು ಬಗೆಯ ಉಪ್ಪುನೀರು. ಮೊದಲನೆಯದು ಶೇಕಡಾ 0.9, ಅಂದರೆ ಹೆಚ್ಚುಕಮ್ಮಿ ನಮ್ಮ ರಕ್ತದಷ್ಟೇ ಉಪ್ಪು. ಮುಂದಿನದು ಅದಕ್ಕಿಂತ ಸಪ್ಪೆ, ಅದರ ಮುಂದಿನದು ಇನ್ನೂ ಸಪ್ಪೆ, ಕೊನೆಯದು 0.3. ಬೆರಳು ಚುಚ್ಚಿ ಪ್ರತಿಯೊಂದಕ್ಕೂ ಒಂದೊಂದು ಹನಿ ರಕ್ತ ಬಿಡಬೇಕು. ಆಮೇಲೆ ಟ್ಯೂಬಿನ ಹಿಂದೆ ಪೇಪರ್ ಹಿಡಿಯಬೇಕು. ಅಕ್ಷರ ಕಾಣದಿದ್ದರೆ ರಕ್ತಕಣಗಳು ಇನ್ನೂ ಗಟ್ಟಿಯಾಗಿವೆ, ನೀರು ಮಬ್ಬಾಗಿದೆ ಅಂತ. ಅಕ್ಷರ ಓದಲು ಬಂದರೆ ಕಣಗಳು ನೀರು ಕುಡಿದು ಉಬ್ಬಿ ಒಡೆದಿವೆ, ಕೆಂಪು ಬಣ್ಣವೆಲ್ಲ ನೀರಿಗೆ ಇಳಿದು ಟ್ಯೂಬು ರೂಹಫ್ಜಾ ಥರ ತಿಳಿಯಾಗಿದೆ ಅಂತ.

ಸಾಮಾನ್ಯವಾಗಿ 0.5ರ ಹತ್ತಿರ ಒಡೆಯಲು ಶುರುವಾಗಿ, 0.3ಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾವು 24 ಜನ. 23 ಜನರಿಗೆ ಹಾಗೇ ಬಂತು. ನನ್ನದು 0.65ಕ್ಕೇ ಕೆಂಪಾಯಿತು. 0.5ರ ಟ್ಯೂಬಿನ ಹಿಂದೆ ಪೇಪರಿನ ದೊಡ್ಡ ಅಕ್ಷರ ಆರಾಮಾಗಿ ಓದಬಹುದಿತ್ತು.

ಸರ್ ಮೊದಲು ನನ್ನನ್ನೇ ಬೈದರು. "ಪಿಪೆಟ್ ಹಿಡಿಯೋಕ ಬರಲ್ಲೇನು ಇನ್ನಾ?" ಮತ್ತೆ ಮಾಡಿದೆ. ಅದೇ. ಮೂರನೇ ಸಲ ಉಪ್ಪುನೀರನ್ನು ಅವರೇ ತಯಾರಿಸಿದರು, ಅದೇ. ಅಷ್ಟರಲ್ಲಿ ಎಲ್ಲರಿಗೂ ಹಸಿವು. ರೆಕಾರ್ಡಿನಲ್ಲಿ ಇಡೀ ಬ್ಯಾಚಿನ ಸರಾಸರಿ ಬರೆದು ಸಹಿ ಹಾಕಿಸಿಕೊಂಡರೆ ಮನೆಗೆ ಹೋಗಬಹುದು. ಹಿಂದಿನ ಬೆಂಚಿನ ಹುಡುಗನೊಬ್ಬ, "ಅದೊಂದು ಬಿಟ್ಟು ಸರಾಸರಿ ಹಾಕೂನ್ರಿ ಸರ್" ಅಂದ. ನಾನೂ ತಲೆಯಾಡಿಸಿದೆ.

ಸರ್ ಒಪ್ಪಲಿಲ್ಲ. "ಇಪ್ಪತ್ಮೂರು ಮಂದೀದು ಪುಸ್ತಕದಾಗ ಐತಿ, ಅದನ್ನ ಮನ್ಯಾಗ ಓದ್ಕೋರಿ. ಈಕೀದು ಒಂದ ಯಾಕ ಹಿಂಗ ಬಂತು, ಅದನ್ನ ನೋಡೂನು ಬರ್ರಿ" ಅಂದರು.

ಕರೆಂಟ್ ಇರಲಿಲ್ಲ. ಕನ್ನಡಿ ಇರುವ ಹಳೇ ಮೈಕ್ರೋಸ್ಕೋಪನ್ನು ಕಿಟಕಿಗೆ ತಂದು ಬಿಸಿಲು ಹಾಯಿಸಿದರು. ಮೊದಲು ಬೇರೆಯವರ ರಕ್ತದ ಸ್ಲೈಡು: ಕಣಗಳು ಬೆರಳಿನಿಂದ ನಡುವೆ ಒತ್ತಿದ ಸಣ್ಣ ಹಿಟ್ಟಿನ ಬಿಲ್ಲೆಯಂತೆ, ಮಧ್ಯೆ ತಿಳಿ ಬಣ್ಣ. ಆಮೇಲೆ ನನ್ನದು. ಅಲ್ಲಲ್ಲಿ ಮಧ್ಯದ ಆ ತಿಳಿಯೇ ಇಲ್ಲ. ಸಣ್ಣಗೆ, ದುಂಡಗೆ, ದಟ್ಟವಾಗಿ, ಸಾಸಿವೆ ಚೆಲ್ಲಿದ ಹಾಗೆ.

ಆಗ ಅವರು ಬೋರ್ಡಿನ ಮೇಲೆ ಬರೆದ ಚಿತ್ರ ಇವತ್ತಿಗೂ ನಾನು ಹೊಸಬರಿಗೆ ಬರೆದು ತೋರಿಸುತ್ತೇನೆ. ಅದು ರಕ್ತಕಣದ ಚಿತ್ರವೇ ಅಲ್ಲ. ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಚೀಲ.

"ಹಮಾಲರನ್ನ ನೋಡಿರೇನು? ಮುಕ್ಕಾಲು ತುಂಬಿದ ಚೀಲ ಹೆಂಗ ಬೇಕಾದರೂ ಬಗ್ತೈತಿ. ಸಣ್ಣ ಬಾಗಲದಾಗೂ ತೂರಿಸಬಹುದು. ಬಾಯಿ ಮಟ ತುರುಕಿ ಹೊಲಿದ ಚೀಲ?"

ಬಗ್ಗುವುದಿಲ್ಲ. ಅಷ್ಟೇ ವಿಷಯ. ಕೆಂಪು ರಕ್ತಕಣ ಸುಮಾರು 8 ಮೈಕ್ರಾನ್ ಅಗಲ (ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಅಂದರೆ ಒಂದು ಮೈಕ್ರಾನ್). ಅದು ನುಸುಳಬೇಕಾದ ಸಣ್ಣ ರಕ್ತನಾಳಗಳು ಅದಕ್ಕಿಂತ ಕಿರಿದು. ಹಳೇ ರಕ್ತಕಣಗಳನ್ನು ಸೋಸುವ ಗುಲ್ಮದ (ಸ್ಪ್ಲೀನ್) ಒಳಗಿನ ಸೀಳುಗಳಂತೂ ಒಂದು ಮೈಕ್ರಾನಿನ ಆಸುಪಾಸು. ಒಳಗಿನ ಸರಕಿಗೆ ಎಷ್ಟು ಚೀಲ ಬೇಕೋ ಅದಕ್ಕಿಂತ ಸುಮಾರು ಶೇ. 40ರಷ್ಟು ಜಾಸ್ತಿ ಚೀಲ ಅದಕ್ಕಿರುತ್ತದೆ. ಆ ಸಡಿಲದಿಂದಲೇ ಅದು 120 ದಿನ ಮೈಯೆಲ್ಲ ತಿರುಗುತ್ತದೆ. ಮಡಚಲು ಎಷ್ಟು ಸಲೀಸೋ, ಚೀಲವನ್ನೇ ಹಿಗ್ಗಿಸುವುದು ಅಷ್ಟೇ ಕಷ್ಟ. ಮೇಲ್ಮೈ ಶೇ. 3-4ರಷ್ಟು ಹಿಗ್ಗಿದರೂ ಒಡೆಯುತ್ತದೆ. ನನ್ನ ಕಣಗಳಲ್ಲಿ ಚೀಲವೇ ಕಡಿಮೆ. ಅದಕ್ಕೇ ದುಂಡಗಾಗಿವೆ, ಅದಕ್ಕೇ ಸಪ್ಪೆ ನೀರಿನಲ್ಲಿ ಬೇಗ ಒಡೆಯುತ್ತವೆ, ಗುಲ್ಮದ ಸೀಳಿನಲ್ಲಿ ಸಿಕ್ಕಿಹಾಕಿಕೊಂಡು ವಯಸ್ಸಿಗೆ ಮುಂಚೆಯೇ ಸಾಯುತ್ತವೆ.

ಇದಕ್ಕೊಂದು ಹಿನ್ನೆಲೆ ಇದೆ. ನಮ್ಮದು ಮಾನ್ವಿ ಕಡೆಯ ಹಳ್ಳಿ. ಚಿಕ್ಕಂದಿನಿಂದ ನನಗೆ ಆಗಾಗ ಕಣ್ಣು ಹಳದಿಯಾಗುತ್ತಿತ್ತು. ಕಾಮಣಿ ಅಂತ ನಾಟಿ ಔಷಧ ಕುಡಿಸುತ್ತಿದ್ದರು. ಎರಡು ಸಲ ಕೈಗೆ ಬರೆಯನ್ನೂ ಹಾಕಿಸಿದ್ದರು, ಗುರುತು ಇನ್ನೂ ಇದೆ. ಒಂದು ಆಸ್ಪತ್ರೆಯಲ್ಲಿ ರಕ್ತ ಕಮ್ಮಿ ಅಂತ ಮೂರು ವರ್ಷ ಕಬ್ಬಿಣದ ಗುಳಿಗೆ ಕೊಟ್ಟರು. ಒಂದು ಸಲವೂ ಯಾರೂ ಸ್ಲೈಡು ನೋಡಲಿಲ್ಲ. ಅಪ್ಪನ ಕಣ್ಣೂ ಹಳದಿಯೇ. ಊರಲ್ಲಿ ಅದನ್ನು ಮನೆತನದ ಬಣ್ಣ ಅಂತಿದ್ದರು. ಒಂದು ಲೆಕ್ಕಕ್ಕೆ ಅದು ಸುಳ್ಳೇನಲ್ಲ. ಈ ತೊಂದರೆ ಹೆಚ್ಚಾಗಿ ತಂದೆ-ತಾಯಿಯಿಂದಲೇ ಬರುವುದು.

ಸರ್ ಒಂದು ಚೀಟಿ ಬರೆದುಕೊಟ್ಟರು. "ನಾ ಡಾಕ್ಟರಲ್ಲ. ಆದರ ದೊಡ್ಡ ದವಾಖಾನ್ಯಾಗ ಈ ಚೀಟಿ ತೋರಿಸು." ಅಪ್ಪ ನನ್ನನ್ನು ರೈಲು ಹತ್ತಿಸಿ ಹೈದರಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಅದೇ ಉಪ್ಪುನೀರಿನ ಪರೀಕ್ಷೆಯನ್ನೇ ಮಾಡಿದರು, ಟ್ಯೂಬು ಸ್ವಲ್ಪ ಚೆಂದ ಇದ್ದವು ಅಷ್ಟೇ. ಇಪ್ಪತ್ತು ತುಂಬುವ ಮುಂಚೆಯೇ ಪಿತ್ತಕೋಶದಲ್ಲಿ ಕಲ್ಲು. ಒಡೆದ ರಕ್ತಕಣಗಳ ಬಣ್ಣವೇ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದರು, ಗುಲ್ಮ ಉಳಿಯಿತು. ಅವತ್ತಿನಿಂದ, ಹೊಸ ರಕ್ತಕಣ ಹುಟ್ಟಲು ಬೇಕಾದ ಫೋಲಿಕ್ ಆಸಿಡ್ ಗುಳಿಗೆ ನುಂಗುತ್ತಿದ್ದೇನೆ. ಅದನ್ನು 1945ರಲ್ಲಿ ಅಮೆರಿಕದ ಲ್ಯಾಬಿನಲ್ಲಿ ತಯಾರಿಸಿದ್ದು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ಜೊತೆಗಾರರು ಅಂತ ಬಹಳ ದಿನದ ಮೇಲೆ ತಿಳಿಯಿತು.

ಇನ್ನು ಕಾಕಾ. ಲ್ಯಾಬಿನ ಅಟೆಂಡರ್. ಅವರ ಮನೆಯಾಕೆಗೆ ನಾವು ಕಾಕು ಅಂತಿದ್ವಿ. ಆಕೆ ಶೇಂಗಾ ಮಿಲ್ಲಿಗೆ ಕಾಳು ಆರಿಸಲು ಹೋಗುತ್ತಿದ್ದರು. ಮೂರನೇ ವರ್ಷ ಕೆಮಿಸ್ಟ್ರಿ ಸರ್ ಬೂಷ್ಟಿನ ವಿಷದ ಬಗ್ಗೆ ಹೇಳುತ್ತಾ, 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ತಿಂದು ಅಂದರು. ಹುಡುಗರು ಗೊಳ್ಳೆಂದು ನಕ್ಕರು. ನಮಗೆ ಶೇಂಗಾ ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ! ಸರ್ ಹೇಳಿದ್ದು ಎಣ್ಣೆ ತೆಗೆದು ಉಳಿದ, ದನಕ್ಕೆ ಹಾಕುವ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬಿಡುವ ವಿಷ ಅದರಲ್ಲಿತ್ತು. ಬೂಷ್ಟಿನ ಹೆಸರನ್ನೇ ಕತ್ತರಿಸಿ ಅಂಟಿಸಿ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು.

ನಗು ನಿಂತದ್ದು 1974ರ ವಿಷಯ ಬಂದಾಗ. ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು 106 ಜನ ತೀರಿಹೋದರು. ಮನೆಯ ನಾಯಿಗಳೂ ಹಾಗೇ ಕಾಯಿಲೆ ಬಿದ್ದಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅದನ್ನು ಬಿಡಿಸಿ ನೋಡಿದ್ದರು. ಅವರಿಗೂ ಕಾಮಣಿಯೇ. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು. ಅದನ್ನು ಕೇಳುವಾಗ ಯಾಕೋ ನನ್ನ ಕೈ ಬರೆಯ ಮೇಲೆ ಹೋಗಿತ್ತು.

ಕಾಕಾ ಮರುದಿನ ಒಂದು ಮುಷ್ಟಿ ಶೇಂಗಾ ತಂದರು. ಕಾಕು ಆರಿಸಿ ಹೊರಗೆ ಹಾಕಿದ ಕಾಳು. ಸುಕ್ಕಾದವು, ಬಣ್ಣಗೆಟ್ಟವು. ಸರ್ ನಲವತ್ತು ಕಾಳು ಎಣಿಸಿಕೊಂಡರು. ಎಲ್ಲ ಒಟ್ಟಿಗೆ ಕುಟ್ಟಬೇಡಿ, ಒಂದೊಂದನ್ನೇ ಬೇರೆ ಬೇರೆ ಕುಟ್ಟಿ ಅಂದರು. ಮೂರು ದಿನ ಹಿಡಿಯಿತು. ಕೈಗವಸು ಹಾಕಿಕೊಂಡು ಕುಟ್ಟುವುದು, ಕ್ಲೋರೋಫಾರ್ಮಿನಲ್ಲಿ ನೆನೆಸುವುದು, ಸೋಸುವುದು, ಗಾಜಿನ ಪ್ಲೇಟಿನ ಮೇಲೆ ಚುಕ್ಕೆ ಇಡುವುದು. ಬಳಸಿದ್ದನ್ನೆಲ್ಲ ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸುವುದು ಕಾಕಾನ ಕೆಲಸ. ಕೊನೆಗೆ ಕಿಟಕಿಗೆ ಕಂಬಳಿ ಕಟ್ಟಿ, ಯುವಿ ದೀಪ ಹಚ್ಚಿದೆವು. ಅಫ್ಲಾಟಾಕ್ಸಿನ್ ಇದ್ದರೆ ಆ ಬೆಳಕಿನಲ್ಲಿ ಹೊಳೆಯುತ್ತದೆ.

ಮೂವತ್ತೆಂಟು ಚುಕ್ಕೆ ಸುಮ್ನೆ ಕಪ್ಪು. ಒಂದು ಮಂಕು. ಒಂದು ಮಾತ್ರ ಪಂಪ್ ಸ್ಟೌವಿನ ಉರಿಯ ಹಾಗೆ ನೀಲಿ. ಈ ವಿಷದ ಬಗೆಗಳಿಗೆ ಬಿ1, ಜಿ1 ಅಂತೆಲ್ಲ ಹೆಸರು, ಅದರಲ್ಲಿ ಬಿ ಅಂದರೆ ಬ್ಲೂ, ಜಿ ಅಂದರೆ ಗ್ರೀನ್ ಅಂತ ಸರ್ ಕತ್ತಲಲ್ಲೇ ಹೇಳಿದರು. ಯಾರೂ ಮಾತಾಡಲಿಲ್ಲ. ಆರಿಸಿ ತೆಗೆದ ಕಾಳಿನಲ್ಲೇ ನಲವತ್ತಕ್ಕೆ ಒಂದು. ಹಾಗಾದರೆ ಇಡೀ ಚೀಲದಲ್ಲಿ ಎಷ್ಟು, ಎಲ್ಲಿ?

ಆ ಪ್ರಶ್ನೆಯೇ ಈಗ ನನ್ನ ಹೊಟ್ಟೆಪಾಡು. ಆದರೆ ಅಲ್ಲಿಗೆ ಸೀದಾ ಹೋಗಲಿಲ್ಲ. ಕಲಬುರಗಿಯಲ್ಲಿ ಎಂಎಸ್ಸಿ ಮುಗಿಸಿ, ಪಿಎಚ್‌ಡಿಗೆ ರಕ್ತಕಣಗಳ ಹಿಂದೆಯೇ ಬಿದ್ದೆ. ಕೂದಲಿಗಿಂತ ಸಣ್ಣ ಗಾಜಿನ ನಳಿಕೆಯಿಂದ ಒಂದು ಕಣವನ್ನು ಮೆಲ್ಲಗೆ ಹೀರುವುದು, ಅದರ ನಾಲಿಗೆ ಎಷ್ಟು ಒಳಗೆ ಬಂತು ಅಂತ ಅಳೆಯುವುದು. ದಿನಕ್ಕೆ ಇಪ್ಪತ್ತು ಕಣ ಆದರೆ ಅವತ್ತು ಹಬ್ಬ. ಬೇರೆ ಕಡೆ ಬೆಳಕಿನಿಂದಲೇ ಎಳೆಯುತ್ತಿದ್ದರು. ಕಣದ ಎರಡು ಬದಿಗೆ ಸಣ್ಣ ಮಣಿ ಅಂಟಿಸಿ ಲೇಸರಿನಿಂದ ಹಿಡಿದು ಜಗ್ಗುವುದು. ಆ ಬೆಳಕಿನ ಚಿಮುಟ ಕಂಡುಹಿಡಿದ ಆರ್ಥರ್ ಆಶ್ಕಿನ್‌ಗೆ 2018ರಲ್ಲಿ ನೊಬೆಲ್ ಬಂತು, 96ನೇ ವಯಸ್ಸಿಗೆ. ವಿಜ್ಞಾನಿ ಸುಬ್ರ ಸುರೇಶ್ ಮತ್ತು ಜೊತೆಗಾರರು 2005ರಲ್ಲಿ ಅದೇ ಚಿಮುಟದಿಂದ ಮಲೇರಿಯಾ ಹೊಕ್ಕ ಕಣವನ್ನು ಜಗ್ಗಿ ನೋಡಿದರು. ಪರಾವಲಂಬಿ ಬಲಿಯುತ್ತಾ ಹೋದಂತೆ ಕಣದ ಬಿರುಸು ಹತ್ತು ಪಟ್ಟಿನವರೆಗೂ ಏರುತ್ತದೆ. ಮತ್ತೆ ಅದೇ ತುರುಕಿದ ಚೀಲ! ಮಲೇರಿಯಾ ರೋಗಿಯ ರಕ್ತದಲ್ಲೂ ಹೊಕ್ಕ ಕಣಗಳು ನೂರಕ್ಕೆ ಒಂದೋ ಎರಡೋ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಎಲ್ಲ ಕಲಸಿ ಅಳೆದರೆ ರಕ್ತ ಚೆನ್ನಾಗಿಯೇ ಇದೆ ಅಂತ ಬರುತ್ತದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾವನ್ನು ಬ್ರಿಟಿಷ್ ಡಾಕ್ಟರ್ ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅದೂ ಒಂದೊಂದೇ ಸೊಳ್ಳೆ ಸೀಳಿ.

ಪಿಎಚ್‌ಡಿ ಆಯಿತು, ಫೆಲೋಶಿಪ್ ಮುಗಿಯಿತು, ಮನೆ ಸಾಲ ಶುರುವಾಯಿತು. ಹೈದರಾಬಾದಿನಲ್ಲೇ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರಕ್ತದಿಂದ ಶೇಂಗಾಕ್ಕೆ ಇಳಿದಳು ಅಂತ ಗೆಳತಿಯರು ಆಡಿಕೊಂಡರು. ನನಗೇನೂ ಹಾಗೆ ಅನ್ನಿಸಲಿಲ್ಲ.

ಮೆಣಸಿನಪುಡಿ ಸುಲಭ. 2003ರಲ್ಲಿ ನಮ್ಮ ದೇಶದಿಂದ ಹೋದ ಮೆಣಸಿನಪುಡಿಯಲ್ಲಿ ಸುಡಾನ್ ಅನ್ನುವ, ತಿನ್ನಬಾರದ ಬಣ್ಣ ಸಿಕ್ಕಿ ಯುರೋಪಿನಲ್ಲಿ ಗದ್ದಲವಾಯಿತಲ್ಲ, ಅದನ್ನು ಯಾರೋ ಬೇಕಂತಲೇ ಕಲಸಿರುತ್ತಾರೆ. ಕಲಸಿದ್ದು ಎಲ್ಲ ಕಡೆ ಇರುತ್ತದೆ, ಚಮಚ ಎಲ್ಲಿ ಹಾಕಿದರೂ ಸಿಗುತ್ತದೆ. ಶೇಂಗಾ ಹಾಗಲ್ಲ. ಯುರೋಪಿನಲ್ಲಿ ಸೀದಾ ತಿನ್ನುವ ಶೇಂಗಾಕ್ಕೆ ಅಫ್ಲಾಟಾಕ್ಸಿನ್ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಹತ್ತು ಟನ್ನಿನ ಲಾರಿಗೆ ಲೆಕ್ಕ ಹಾಕಿದರೆ 40 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಅದೂ ಕೆಲವೇ ಕಾಳುಗಳಲ್ಲಿ ಅಡಗಿ ಕೂತಿರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ದೊಡ್ಡ ಲಾಟಿಗೆ ನೂರು ಕಡೆಯಿಂದ ತೆಗೆದು 20 ಕಿಲೋ ಸ್ಯಾಂಪಲ್ ಮಾಡಿ ಅರೆಯಬೇಕು ಅನ್ನುತ್ತದೆ ಅಲ್ಲಿನ ನಿಯಮ. ಮೇಲಿನ ಚೀಲಕ್ಕೆ ಬೊಂಬು ಚುಚ್ಚಿ ಒಂದು ಹಿಡಿ ಕಳಿಸಿ, "ರಿಪೋರ್ಟ್ ಬೇಗ ಕೊಡ್ರಿ ಮೇಡಂ" ಅನ್ನುವವರ ಜೊತೆ ನಾನು ದಿನಾ ಜಗಳ ಆಡುತ್ತೇನೆ. ಮಷಿನ್ನು ಕೋಟಿಯದೇ ಇರಲಿ, ಹಿಡಿ ತಪ್ಪಿದರೆ ಉತ್ತರ ತಪ್ಪು.

ಹೊಲದಲ್ಲೇ ಅರ್ಧ ಗೆಲ್ಲಬಹುದು. ಕಾಯಿ ಬಲಿಯುವ ಹೊತ್ತಿಗೆ ನೀರಿಲ್ಲದೆ ಬೆಳೆ ಬಾಡಿದರೆ ಬೂಷ್ಟು ಹೊಲದಲ್ಲೇ ಹೊಗುತ್ತದೆ. ಕಿತ್ತ ಮೇಲೆ ಚೆನ್ನಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಮುಗಿಯಿತು. ನಮ್ಮ ಅಪ್ಪ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಗಲಗಲ ಅಂದರೆ ಮಾತ್ರ ತುಂಬಿಸುತ್ತಿದ್ದರು. ತೇವದ ಮೀಟರ್ ಹಿಡಿದು ನೋಡಿದ್ದೇನೆ, ಅಪ್ಪನ ಕಿವಿ ಬಹುತೇಕ ಸರಿ.

ಹೋದ ವರ್ಷ ಊರಿಗೆ ಬಂದಾಗ ಕಾಕಾನ ಮನೆಗೆ ಹೋಗಿದ್ದೆ. ಸರ್ ಈಗ ಇಲ್ಲ. ಕಾಕಾನಿಗೆ ಕಿವಿ ಮಂದ. ಬೆಳಕಿನ ಚಿಮುಟದ ವಿಷಯ ಹೇಳಿದೆ. "ಒಂದೊಂದ ಹಿಡದು ಜಗ್ತಾರ? ಪಗಾರ ಯಾರು ಕೊಡ್ತಾರ?" ಅಂತ ಕೇಳಿದರು. ಕಾಕು ಮೊರದ ತುಂಬ ಶೇಂಗಾ ಹಾಕಿಕೊಂಡು ಕೂತಿದ್ದರು, ಹಿಂಡಿ ಕುಟ್ಟಲು. ನಾನೂ ಪಕ್ಕದಲ್ಲಿ ಕೂತು ಆರಿಸಿದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನನ್ನದು, ಅಲ್ವಾ? ಚೆಂದಗೆ ಒಂದು ಗುಡ್ಡೆ ಮಾಡಿದೆ. ಕಾಕು ಮಾತಾಡುತ್ತಲೇ ನನ್ನ ಗುಡ್ಡೆಗೆ ಕೈ ಹಾಕಿ ಎರಡು ಕಾಳು ಎತ್ತಿ ಆ ಕಡೆ ಒಗೆದರು.

"ಅವು ಚಲೋನ ಅದಾವಲ್ಲ ಕಾಕು?"

"ಹಗುರ ಅದಾವ ಬಿಡವ್ವ."

ಕಾಕುನ ಕಣ್ಣು ತಪ್ಪಿಸಿ ಆ ಎರಡೂ ಕಾಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಬಂದೆ. ಲ್ಯಾಬಿನಲ್ಲಿ ಬೇರೆ ಬೇರೆ ಕುಟ್ಟಿ ನೋಡಿದೆ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಇತ್ತು.